ಪರದೇಶದ ಹೊಸ್ತಿಲಲ್ಲಿ ನಮ್ಮ ದಾದಿಯರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ರೈತನಿಗೆ ಪರದೇಶದ ಸಂಬಂಧ ಹೊಸದೇನೂ ಅಲ್ಲ. ಆತ ಬೆಳೆದು ಬ್ಯಾರನ್ನಿನಲ್ಲಿ ಹದಮಾಡಿದ ಹೊಗೆಸೊಪ್ಪು ದಶಕಗಳಿಂದ ಹಡಗನ್ನೇರಿ ಹೋಗುತ್ತಿದೆ. 1984ರಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾದಂದಿನಿಂದ ಬೇಲಿನ ಪಕ್ಕದಲ್ಲಿ ನಿಂತು ದರ್ಜೆ ಕೂಗುವುದನ್ನು ಕೇಳುವುದು ಅವನಿಗೆ ರೂಢಿಯಾಗಿದೆ. ಬೆವರು ತನ್ನದು, ದರ್ಜೆ ಕಟ್ಟುವವರು ಬೇರೆಯವರು ಎಂಬುದು ಅವನು ಅನುಭವದಿಂದ ಕಲಿತ ಪಾಠ. ಈಚೆಗೆ ಅದೇ ಮನೆಯ ಮಗಳು ಮೈಸೂರಿಗೋ ಬೆಂಗಳೂರಿಗೋ ಹೋಗಿ ನರ್ಸಿಂಗ್ ಓದುತ್ತಿದ್ದಾಳೆ. ಇಂಗ್ಲೆಂಡು, ಜರ್ಮನಿ, ಅಮೆರಿಕ, ಕೊಲ್ಲಿ ರಾಷ್ಟ್ರಗಳ ಹೆಸರು ಮನೆಯ ಜಗಲಿಯ ಮಾತಾಗಿದೆ. ಅವಳ ವಿದ್ಯೆಗೂ ದರ್ಜೆ ಕಟ್ಟುವವರು ಪರದೇಶದವರೇ. ಮನುಷ್ಯರನ್ನು ಸರಕಿಗೆ ಹೋಲಿಸುವುದು ಸಲ್ಲದು. ಹೋಲಿಕೆ ಇಷ್ಟಕ್ಕೇ ನಿಲ್ಲಲಿ. ಆದರೆ ಹೊಗೆಸೊಪ್ಪಿನ ದರ್ಜೆಯ ಬಗ್ಗೆ ನಮ್ಮ ಹಳ್ಳಿಗಳಲ್ಲಿರುವ ತಿಳಿವಳಿಕೆಯ ಹತ್ತನೆಯ ಒಂದು ಪಾಲಾದರೂ ದಾದಿಯ ಪರವಾನಗಿಯ ಬಗ್ಗೆ ಇಲ್ಲವೆಂಬುದು ಯೋಚಿಸತಕ್ಕ ಸಂಗತಿ.

ಪರದೇಶದ ಪರವಾನಗಿಯೆಂದರೆ ಅಲ್ಲಿ ಹೋಗಿ ಬರೆಯುವ ಒಂದು ಕಠಿಣ ಪರೀಕ್ಷೆ ಎಂಬುದು ಸಾಮಾನ್ಯ ಭಾವನೆ. ಪರೀಕ್ಷೆ ಇದೆ, ಅದು ಕಠಿಣವೂ ಹೌದು. ಆದರೆ ವಿಚಾರಿಸಿ ನೋಡಿದರೆ, ನಮ್ಮ ದಾದಿಯನ್ನು ತಡೆಯುವ ಬಾಗಿಲುಗಳಲ್ಲಿ ಹೆಚ್ಚಿನವು ಅಲ್ಲಿಲ್ಲ, ಇಲ್ಲಿಯೇ ಇವೆ. ಅವಳ ಶಾಲೆಯ ದಾಖಲೆಯಲ್ಲಿ, ಕಾಲೇಜಿನ ಹಾಜರಿ ಪುಸ್ತಕದಲ್ಲಿ, ಕೌನ್ಸಿಲಿನ ಕಡತದಲ್ಲಿ, ಅವಳು ಕಲಿತ ಭಾಷೆಯ ಬಗೆಯಲ್ಲಿ ಇವೆ. ಈ ಮಾತನ್ನು ಕೊಂಚ ವಿವರವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು, ಪರವಾನಗಿ ಏಕೆ ಬೇಕು? ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡೇ ಸಂತೋಷಪಟ್ಟಿತು. ಯಾವ ಪ್ರಮಾಣಪತ್ರವೂ ಇಲ್ಲದೆ ಸಾವಿರಾರು ಹೆರಿಗೆಗಳನ್ನು ಸುಸೂತ್ರವಾಗಿ ಮಾಡಿಸಿದ ಕೈಗಳು ಅವು. ಊರಿಗೆ ಊರೇ ಬಲ್ಲ ಕೈಗೆ ಕಾಗದದ ಸಾಕ್ಷಿ ಬೇಡ. ಆದರೆ ರೋಗಿಗೂ ದಾದಿಗೂ ಪರಸ್ಪರ ಪರಿಚಯವಿಲ್ಲದ ದೊಡ್ಡ ಆಸ್ಪತ್ರೆಯಲ್ಲಿ, ಸೂಜಿ ಹಿಡಿದವಳು ಯಾರೆಂದು ರೋಗಿ ಹೇಗೆ ತಿಳಿಯಬೇಕು? ಆ ಅಪರಿಚಿತ ರೋಗಿಗೆ ಸಮಾಜ ಕೊಡುವ ಭರವಸೆಯೇ ಪರವಾನಗಿ. ವಿಚಿತ್ರವೆಂದರೆ, 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ಶಾಲೆ ತೆರೆದು ಆಧುನಿಕ ಶುಶ್ರೂಷೆಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲರೇ ದಾದಿಯರ ನೋಂದಣಿಯನ್ನು ಬಲವಾಗಿ ವಿರೋಧಿಸಿದ್ದರು. ಒಳ್ಳೆಯ ದಾದಿಯ ಗುಣ ಪರೀಕ್ಷೆಯ ಹಾಳೆಯಲ್ಲಿ ಮೂಡುವಂಥದಲ್ಲ ಎಂಬುದು ಅವರ ನಿಲುವು. ಆ ವಾದದಲ್ಲಿ ಅವರಿಗೆ ಸೋಲಾಯಿತು. 1901ರಲ್ಲಿ ನ್ಯೂಜಿಲೆಂಡ್ ದಾದಿಯರ ನೋಂದಣಿಗಾಗಿಯೇ ಕಾಯಿದೆ ಮಾಡಿದ ಮೊದಲ ದೇಶವಾಯಿತು. ಬ್ರಿಟನ್ 1919ರಲ್ಲಿ ಅದೇ ದಾರಿ ಹಿಡಿಯಿತು. ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ 1947ರದು. ನಮ್ಮ ರಾಜ್ಯದ ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆ 1961ರದು. 2023ರಲ್ಲಿ ಸಂಸತ್ತು ಹಳೆಯ ಕೇಂದ್ರ ಕಾಯಿದೆಯ ಬದಲಿಗೆ ರಾಷ್ಟ್ರೀಯ ಶುಶ್ರೂಷಾ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ನೈಟಿಂಗೇಲರ ಶಂಕೆ ಮಾತ್ರ ಸೋತ ಮೇಲೂ ಸತ್ತಿಲ್ಲ. ಕಾಗದವು ಕೈಯ ಗುಣವನ್ನು ಎಷ್ಟರಮಟ್ಟಿಗೆ ಹೇಳೀತು ಎಂಬ ಪ್ರಶ್ನೆ ಇಂದಿಗೂ ನಮ್ಮ ಮುಂದಿದೆ.

ಇನ್ನು ಬೇಡಿಕೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿದ್ದ ದಾದಿಯರ ಸಂಖ್ಯೆ ಸುಮಾರು 2 ಕೋಟಿ 79 ಲಕ್ಷ. ಕೊರತೆ 59 ಲಕ್ಷ. ಎಂಟು ಮಂದಿ ದಾದಿಯರಲ್ಲಿ ಒಬ್ಬರು ತಾವು ಹುಟ್ಟಿದ ಅಥವಾ ತರಬೇತಿ ಪಡೆದ ದೇಶವನ್ನು ಬಿಟ್ಟು ಬೇರೆಡೆ ದುಡಿಯುತ್ತಿದ್ದರು. ಸಿರಿವಂತ ದೇಶಗಳಲ್ಲಿ ಮುದುಕರ ಸಂಖ್ಯೆ ಏರುತ್ತಿದೆ, ಆರೈಕೆಗೆ ಬರುವ ಯುವಜನರ ಸಂಖ್ಯೆ ಇಳಿಯುತ್ತಿದೆ. 2022ರ ಡಿಸೆಂಬರಿನಲ್ಲಿ ಭಾರತವೂ ಜರ್ಮನಿಯೂ ವಲಸೆಯ ಬಗ್ಗೆ ಒಪ್ಪಂದ ಮಾಡಿಕೊಂಡವು. 2024ರಲ್ಲಿ ಜರ್ಮನಿ, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಸಾರಿತು. ಕರೆಯುವವರು ಇದ್ದಾರೆ. ಆದರೆ ಕರೆದವರೆಲ್ಲ ತಮ್ಮ ತಮ್ಮ ಹೊಸ್ತಿಲಿನಲ್ಲಿ ಒಂದೊಂದು ಬಗೆಯ ಪರೀಕ್ಷೆ ಇಟ್ಟಿದ್ದಾರೆ.

ಅಮೆರಿಕದಲ್ಲಿ ಎನ್‌ಕ್ಲೆಕ್ಸ್ ಎಂಬ ಪರೀಕ್ಷೆ. ಕಂಪ್ಯೂಟರಿನ ಮುಂದೆ ಕುಳಿತು ಬರೆಯುವ ಇದನ್ನು ಬೆಂಗಳೂರಿನಲ್ಲಿಯೇ ಬರೆಯಬಹುದು. ಅಭ್ಯರ್ಥಿ ಸರಿಯಾದ ಉತ್ತರ ಕೊಟ್ಟಂತೆ ಪ್ರಶ್ನೆ ಕಠಿಣವಾಗುತ್ತ ಹೋಗುತ್ತದೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು, 5 ಗಂಟೆಯ ಅವಧಿ. 2023ರ ಏಪ್ರಿಲಿನಿಂದ ಅದರ ರೂಪ ಬದಲಾಗಿ, ರೋಗಿಯ ಸ್ಥಿತಿಯನ್ನು ಓದಿ ವಿವೇಚಿಸುವ ಪ್ರಶ್ನೆಗಳಿಗೆ ಹೆಚ್ಚಿನ ತೂಕ ಬಂದಿದೆ. ಬ್ರಿಟನ್ನಿನಲ್ಲಿ ಎರಡು ಹಂತ: ಮೊದಲನೆಯದು ಕಂಪ್ಯೂಟರ್ ಪರೀಕ್ಷೆ, ಎರಡನೆಯದು ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ, ಅಲ್ಲಿಗೇ ಹೋಗಿ, ಹತ್ತು ನಿಲುಗಡೆಗಳಲ್ಲಿ ಕೆಲಸ ಮಾಡಿ ತೋರಿಸಬೇಕು. ಜರ್ಮನಿಯವರ ಕ್ರಮ ಬೇರೆ. ನಮ್ಮ ಪಠ್ಯಕ್ರಮವನ್ನು ತಮ್ಮದರ ಪಕ್ಕದಲ್ಲಿಟ್ಟು, ಯಾವ ವಿಷಯದಲ್ಲಿ ಏನು ಕಡಿಮೆ ಎಂದು ಕೊರತೆಯ ಪಟ್ಟಿ ಕಳುಹಿಸುತ್ತಾರೆ. ಆ ಕೊರತೆಯನ್ನು ಅಲ್ಲಿಯ ಆಸ್ಪತ್ರೆಯಲ್ಲಿ ಪೂರಕ ತರಬೇತಿ ಪಡೆದೋ ಪರೀಕ್ಷೆ ಬರೆದೋ ತುಂಬಿಕೊಳ್ಳಬೇಕು. ಆಸ್ಟ್ರೇಲಿಯ 2025ರಲ್ಲಿ ಕೆಲವು ದೇಶಗಳ ದಾದಿಯರಿಗೆ ಹತ್ತಿರದ ದಾರಿ ತೆರೆಯಿತು. ಬ್ರಿಟನ್, ಅಮೆರಿಕ, ಸಿಂಗಪುರಗಳು ಆ ಪಟ್ಟಿಯಲ್ಲಿವೆ, ಭಾರತವಿಲ್ಲ. ಅಂದರೆ ಹುಣಸೂರಿನಿಂದ ನೇರವಾಗಿ ಹೋಗುವವಳಿಗೆ ದೂರ; ಲಂಡನ್ನಿನಲ್ಲಿ ನೋಂದಣಿ ಪಡೆದು ಸಾಕಷ್ಟು ಕಾಲ ದುಡಿದು ಹೋಗುವವಳಿಗೆ ಹತ್ತಿರ.

ಇವೆಲ್ಲಕ್ಕೂ ಸಮಾನವಾದದ್ದು ಒಂದು: ಪರೀಕ್ಷೆಗೆ ಕೂರುವ ಮೊದಲೇ ಅವಳು ಯಾರು, ಎಲ್ಲಿ ಓದಿದಳು, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಕೆಲಸ ಮಾಡಿದಳು ಎಂಬ ದಾಖಲೆ ಸಿದ್ಧವಾಗಬೇಕು. ಇದನ್ನು ಅವಳೇ ಕೊಟ್ಟರೆ ಸಾಲದು. ಸಾಮಾನ್ಯವಾಗಿ ಕಾಲೇಜು ಮೊಹರು ಹಾಕಿ ಕಳುಹಿಸಬೇಕು. ನೋಂದಣಿ ಸರಿಯಾಗಿದೆಯೆಂದು ರಾಜ್ಯದ ನರ್ಸಿಂಗ್ ಕೌನ್ಸಿಲ್ ತಾನೇ ಪರದೇಶದ ಸಂಸ್ಥೆಗೆ ತಿಳಿಸಬೇಕು. ಆರು ವರ್ಷದ ಹಿಂದೆ ಪಾಸಾದವಳ ಮಕ್ಕಳ ವಿಭಾಗದ ಗಂಟೆಗಳ ಲೆಕ್ಕ ಕಾಲೇಜಿನಲ್ಲಿ ಉಳಿದಿದೆಯೆ? ಕಾಲೇಜೇ ಮುಚ್ಚಿಹೋಗಿದ್ದರೆ ಮೊಹರು ಹಾಕುವವರು ಯಾರು? ಶುಲ್ಕ ಬಾಕಿಯೆಂದು ಮೂಲ ಅಂಕಪಟ್ಟಿಯನ್ನೇ ಕಪಾಟಿನಲ್ಲಿಟ್ಟುಕೊಂಡ ಆಡಳಿತದವರ ಮುಂದೆ ಹುಡುಗಿ ಎಷ್ಟು ಸಲ ಕೈಕಟ್ಟಿ ನಿಲ್ಲಬೇಕು? ಪರದೇಶದ ಪರೀಕ್ಷೆಯಲ್ಲಿ ಅನುತ್ತೀರ್ಣಳಾದವಳು ಮತ್ತೆ ಬರೆಯಬಹುದು. ದಾಖಲೆಯಲ್ಲಿ ಅನುತ್ತೀರ್ಣಳಾದವಳಿಗೆ ಮತ್ತೆ ನಾಲ್ಕು ವರ್ಷ ಓದುವುದು ಸಾಧ್ಯವೆ?

ಈ ದಾಖಲೆಯ ತೊಡಕು ಹೆಸರಿನಿಂದಲೇ ಪ್ರಾರಂಭವಾಗುತ್ತದೆ. ನಮ್ಮ ಕಡೆ ಕುಲನಾಮ ಬರೆಯುವ ರೂಢಿಯಿಲ್ಲ. ಊರಿನ ಒಂದಕ್ಷರ, ತಂದೆಯ ಒಂದಕ್ಷರ, ಮುಂದೆ ತನ್ನ ಹೆಸರು. ಉದಾಹರಣೆಗೆ ಒಬ್ಬಳು ‘ಎಚ್. ಎಂ. ಲಕ್ಷ್ಮಿ’ ಎಂದಿಟ್ಟುಕೊಳ್ಳೋಣ. ಎಸ್.ಎಸ್.ಎಲ್.ಸಿ. ಪಟ್ಟಿಯಲ್ಲಿ ಅಕ್ಷರಗಳು ಮುಂದಿದ್ದರೆ ನರ್ಸಿಂಗ್ ಪದವಿಯಲ್ಲಿ ಹಿಂದೆ ಬಂದಿರುತ್ತವೆ. ಪಾಸ್‌ಪೋರ್ಟಿನಲ್ಲಿ ಅವೇ ಅಕ್ಷರಗಳು ಬಿಡಿಸಿಕೊಂಡು ಊರೂ ತಂದೆಯೂ ಹೆಸರಿನ ಅಂಗಗಳಾಗುತ್ತಾರೆ. ಮದುವೆಯಾದ ಮೇಲೆ ಆಧಾರ್ ಚೀಟಿಯಲ್ಲಿ ಗಂಡನ ಹೆಸರು ಸೇರುತ್ತದೆ. ನಮಗೆ ಇವರೆಲ್ಲ ಒಬ್ಬಳೇ. ಗುರುತಿನ ಪತ್ರದ ಹೆಸರೂ ಅರ್ಜಿಯ ಹೆಸರೂ ಒಂದೇ ಆಗಿರಬೇಕೆಂದು ವಿಧಿಸುವ ಪರೀಕ್ಷಾ ಕೇಂದ್ರಕ್ಕೆ ಇವರು ನಾಲ್ವರು ಬೇರೆ ಬೇರೆ ಹೆಂಗಸರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960-61ರಿಂದ ನೆಲೆಸಿರುವ ಟಿಬೆಟಿನವರ ಪಾಡೂ ಈ ವಿಷಯದಲ್ಲಿ ನಮ್ಮದೇ. ಅವರಲ್ಲಿಯೂ ಸಾಮಾನ್ಯರಿಗೆ ಕುಲನಾಮವಿಲ್ಲ. ಜೊತೆಗೆ ಅವರಲ್ಲಿ ಅನೇಕರು ಪಾಸ್‌ಪೋರ್ಟಿಗೆ ಬದಲಾಗಿ ಭಾರತ ಸರ್ಕಾರ ಕೊಡುವ ಗುರುತಿನ ಪತ್ರದ ಮೇಲೆ ಪ್ರಯಾಣ ಮಾಡಬೇಕು. ಹತ್ತನೆಯ ತರಗತಿಯ ಅರ್ಜಿ ತುಂಬುವಾಗ ಮೇಷ್ಟರು ಐದು ನಿಮಿಷ ಯೋಚಿಸಿ ಹೆಸರನ್ನು ಪೂರ್ತಿಯಾಗಿ ಬರೆಸಿದರೆ, ಮುಂದೆ ಒಬ್ಬ ಹುಡುಗಿಗೆ ಐದು ತಿಂಗಳ ಅಲೆದಾಟ ಉಳಿದೀತು.

ಹೆಸರಿನ ತೊಡಕು ಒಬ್ಬೊಬ್ಬರದು. ಸಂಸ್ಥೆಯ ತೊಡಕು ಸಾವಿರಾರು ಜನರದು. ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳು ನೂರಾರು. 2017ರಲ್ಲಿ, ಕಾಲೇಜಿಗೆ ಮಾನ್ಯತೆ ಕೊಡುವ ಅಧಿಕಾರ ಯಾರದು ಎಂಬ ವಿವಾದ ಕೇಂದ್ರದ ಪರಿಷತ್ತಿಗೂ ನಮ್ಮ ರಾಜ್ಯಕ್ಕೂ ನಡುವೆ ಬೆಳೆದು, ಪರಿಷತ್ತಿನ ಪಟ್ಟಿಯಿಂದ ಕರ್ನಾಟಕದ ಕಾಲೇಜುಗಳ ಹೆಸರು ಮರೆಯಾಯಿತು. ನ್ಯಾಯ ಯಾರ ಕಡೆಗಿತ್ತೆಂಬ ಚರ್ಚೆ ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಆ ದಿನಗಳಲ್ಲಿ ಓದುತ್ತಿದ್ದ ಹುಡುಗಿಯರು, ನಾಳೆ ಹೊರರಾಜ್ಯದಲ್ಲಿ, ಪರದೇಶದಲ್ಲಿ ತಮ್ಮ ಪದವಿಗೆ ಬೆಲೆ ಇದೆಯೋ ಇಲ್ಲವೋ ಎಂಬ ಆತಂಕದಲ್ಲಿ ಕಾಲ ನೂಕಿದರು. ಕೋಣಗಳೆರಡು ಹೋರೆ ಗಿಡುವಿಗೆ ಮಿತ್ತು ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ದಾಖಲೆಯೆಲ್ಲ ಸರಿಯಿದ್ದವಳಿಗೆ ಮುಂದಿನ ತಡೆ ಕೆಲಸದ ಕಲ್ಪನೆಯದು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮೈ ಒರೆಸುವುದು, ಗಂಜಿ ಕುಡಿಸುವುದು, ಮಗ್ಗುಲು ತಿರುಗಿಸುವುದು ಮನೆಯವರ ಪಾಲು. ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ ತಾಯಿಯೋ ತಂಗಿಯೋ ಅರ್ಧ ದಾದಿಯಾಗಿರುತ್ತಾಳೆ. ಚುಚ್ಚುಮದ್ದು, ಡ್ರಿಪ್, ದಾಖಲೆಗಳು ದಾದಿಯವು. ಜರ್ಮನಿಯಲ್ಲೂ ಇಂಗ್ಲೆಂಡಿನಲ್ಲೂ ಮಂಚದ ಕೆಳಗಿನ ಆ ಚಾಪೆ ಇಲ್ಲ. ವೃದ್ಧನಿಗೆ ಸ್ನಾನ ಮಾಡಿಸುವುದರಿಂದ ಹಿಡಿದು ಎಲ್ಲವೂ ಶುಶ್ರೂಷೆಯೇ. ನಾಲ್ಕು ವರ್ಷ ಪದವಿಗಾಗಿ ಓದಿದವಳಿಗೆ ಇದು ಮೊದಲಿಗೆ ಅವಮಾನವೆಂದು ತೋರುವುದುಂಟು. ಮತ್ತೊಂದು ಕಡೆ, ವೈದ್ಯರು ಹೇಳುವ ತನಕ ಕಾಯುವ ಅಭ್ಯಾಸ ಇಲ್ಲಿಯದು. ಅಲ್ಲಿ ದಾದಿ ತಾನೇ ನಿರ್ಣಯಿಸಬೇಕು. ನಾಲ್ವರು ರೋಗಿಗಳಿದ್ದಾರೆ, ಒಬ್ಬನಿಗೆ ನೋವು, ಒಬ್ಬನಿಗೆ ಜ್ವರ, ಒಬ್ಬಳಿಗೆ ಉಸಿರಾಟದಲ್ಲಿ ಈಗತಾನೆ ವ್ಯತ್ಯಾಸ, ಒಬ್ಬಳು ಮನೆಗೆ ಹೊರಟಿದ್ದಾಳೆ. ಮೊದಲು ಯಾರ ಬಳಿಗೆ ಹೋಗುವೆ? ಎನ್‌ಕ್ಲೆಕ್ಸ್ ಕೇಳುವುದು ಈ ಬಗೆಯ ಪ್ರಶ್ನೆಯನ್ನು. ‘ಲಕ್ಷಣ ತಿಳಿಸಿ, ವಿಧಗಳನ್ನು ವಿವರಿಸಿ’ ಎಂದು ಕೇಳುವ ನಮ್ಮ ಪರೀಕ್ಷೆಗೆ ಕಂಠಪಾಠ ಸಾಕು. ಇದಕ್ಕೆ ವಿವೇಚನೆ ಬೇಕು. ನೈಟಿಂಗೇಲರ ಶಂಕೆಗೆ ಪರೀಕ್ಷಕರು ತಡವಾಗಿ ಕೊಟ್ಟ ಉತ್ತರವಿದು ಎನ್ನಬಹುದು: ಹಾಳೆಯಲ್ಲಿ ಗುಣ ಮೂಡುವುದಿಲ್ಲ ನಿಜ, ಆದರೆ ಹಾಳೆಯ ಬಗೆಯನ್ನಾದರೂ ಬದಲಿಸಬಹುದು.

ಇನ್ನುಳಿದದ್ದು ಭಾಷೆ. ಕನ್ನಡದ ಮೇಷ್ಟರಾದವರಿಗೆ ಇಲ್ಲಿ ಆಡಬೇಕಾದ ಮಾತು ಒಂದಿದೆ. ಇಂಗ್ಲಿಷ್ ಬಾರದ್ದರಿಂದ ನಮ್ಮ ಹಳ್ಳಿಯ ಹುಡುಗಿ ಹಿಂದೆ ಬೀಳುತ್ತಾಳೆ, ಆದುದರಿಂದ ಒಂದನೆಯ ತರಗತಿಯಿಂದಲೇ ಕನ್ನಡವನ್ನು ಬಿಡಿಸಿರಿ ಎನ್ನುವವರು ಹಲವರು. ಬ್ರಿಟನ್ನಿನ ನೋಂದಣಿಗೆ ಒಪ್ಪುವ ಓ.ಇ.ಟಿ. ಎಂಬ ಪರೀಕ್ಷೆಯಲ್ಲಿ ಬರೆಸುವುದೇನು? ರೋಗಿಯ ಬಗೆಗಿನ ಟಿಪ್ಪಣಿಗಳ ರಾಶಿಯನ್ನು ಮುಂದಿಟ್ಟು, ಬೇಕಾದದ್ದನ್ನು ಆರಿಸಿ, ಬೇಡದ್ದನ್ನು ಬಿಟ್ಟು, ಮುಂದಿನ ಆರೈಕೆ ವಹಿಸಿಕೊಳ್ಳುವವರಿಗೆ ಸುಮಾರು ಇನ್ನೂರು ಶಬ್ದದ ಒಂದು ಪತ್ರ. ಇಲ್ಲಿ ಎಡವುವವರಲ್ಲಿ ಅನೇಕರು ವ್ಯಾಕರಣದಲ್ಲಿ ಎಡವುವುದಕ್ಕಿಂತ ಆಯ್ಕೆಯಲ್ಲಿ ಎಡವುತ್ತಾರೆ. ಯಾವ ಸಂಗತಿ ಮುಖ್ಯ, ಯಾವುದು ಅಮುಖ್ಯ, ಓದುವವನಿಗೆ ಮೊದಲು ಏನು ತಿಳಿಯಬೇಕು ಎಂಬುದು ಯಾವ ಭಾಷೆಯ ವ್ಯಾಕರಣದಲ್ಲೂ ಇಲ್ಲ. ಅದು ಬರವಣಿಗೆಯ ಶಿಸ್ತು. ಸಂಕ್ಷೇಪ ಲೇಖನ, ಪತ್ರ ಲೇಖನಗಳನ್ನು ಗೈಡಿನಿಂದ ಉರುಹೊಡೆಸಿ ಅಂಕ ಕೊಡಿಸುವ ನಾವು ಆ ಶಿಸ್ತನ್ನು ಕನ್ನಡದಲ್ಲಿ ಕಲಿಸಿದ್ದರೆ ಅವಳು ಅದನ್ನು ಇಂಗ್ಲಿಷಿಗೂ ಒಯ್ಯುತ್ತಿದ್ದಳು. ಬ್ರಿಟನ್ನಿನವರೇ 2018ರಲ್ಲಿ ಐಇಎಲ್‌ಟಿಎಸ್ ಬರವಣಿಗೆಯ ಮಟ್ಟವನ್ನು 7ರಿಂದ 6.5ಕ್ಕೆ ಇಳಿಸಿದರು, ಅನುಭವಸ್ಥ ದಾದಿಯರು ಅನೇಕರು ಅಲ್ಲಿಯೇ ಸಿಕ್ಕಿಬೀಳುತ್ತಿದ್ದರು. ಇನ್ನು ಜರ್ಮನಿಗೆ ಹೋಗುವವಳು ಜರ್ಮನ್ ಭಾಷೆಯನ್ನು ಬಿ-2 ಎಂಬ ಮಟ್ಟದವರೆಗೆ ಕಲಿಯಬೇಕು. ಆ ತರಗತಿಯಲ್ಲಿ ಮೈಸೂರಿನ ಕಾನ್ವೆಂಟಿನ ಹುಡುಗಿಯೂ ಸರಗೂರಿನ ಸರ್ಕಾರಿ ಶಾಲೆಯ ಹುಡುಗಿಯೂ ಅಕ್ಷರಾಭ್ಯಾಸದಿಂದಲೇ ಹೊರಡಬೇಕು. ತನ್ನ ನುಡಿಯಲ್ಲಿ ಗಟ್ಟಿಯಾಗಿ ಕಾಲೂರಿದವಳು ಇನ್ನೊಂದು ನುಡಿಗೆ ಹೆದರಬೇಕಾದ್ದಿಲ್ಲ.

ಇಷ್ಟೆಲ್ಲ ದಾಟಿ ಪರವಾನಗಿ ಪಡೆದವಳಿಗೂ ಒಂದು ಎಚ್ಚರ ಬೇಕು: ಪರವಾನಗಿ ಬೇರೆ, ಪ್ರವೇಶ ಬೇರೆ. ಎನ್‌ಕ್ಲೆಕ್ಸ್ ಪಾಸಾದ ಭಾರತದ ದಾದಿ ಅಮೆರಿಕದ ಕಾಯಂ ವೀಸಾಕ್ಕಾಗಿ ನಿಲ್ಲುವ ಸಾಲು ಹತ್ತು ವರ್ಷಕ್ಕೂ ಉದ್ದವಾದದ್ದು. ಬ್ರಿಟನ್ 2025ರ ಜುಲೈ 22ರಿಂದ ಹೊರದೇಶದ ಆರೈಕೆ ಸಹಾಯಕರ ಹೊಸ ನೇಮಕವನ್ನು ನಿಲ್ಲಿಸಿತು. ನೋಂದಾಯಿತ ದಾದಿಯರಿಗೆ ಆ ತಡೆ ಇಲ್ಲ. ‘ಮೊದಲು ಸಹಾಯಕಿಯಾಗಿ ಹೋಗು, ಆಮೇಲೆ ನರ್ಸ್ ಆಗುವಿಯಂತೆ’ ಎಂದು ಹೇಳಿ ಹಣ ಪಡೆಯುವವರ ಮಾತು ಎಷ್ಟು ಟೊಳ್ಳೆಂಬುದು ಇದರಿಂದ ತಿಳಿದೀತು. ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ದಾದಿಯರಿಂದ ಲಕ್ಷಾಂತರ ರೂಪಾಯಿ ಸುಲಿಯುತ್ತಿದ್ದ ಕಾರಣ, ವಲಸೆಗೆ ಅನುಮತಿ ಬೇಕಾದ 18 ದೇಶಗಳ ನೇಮಕವನ್ನು ಭಾರತ ಸರ್ಕಾರ 2015ರಲ್ಲಿ ಸರ್ಕಾರಿ ಸಂಸ್ಥೆಗಳಿಗೇ ಒಪ್ಪಿಸಿತು. 1983ರ ವಲಸೆ ಕಾಯಿದೆಯ ನಿಯಮಗಳು ನೋಂದಾಯಿತ ಏಜೆಂಟನಿಗೆ ಗೊತ್ತುಮಾಡಿದ ಸೇವಾಶುಲ್ಕ, ತೆರಿಗೆಯ ಹೊರತು, 30,000 ರೂಪಾಯಿ ಮೀರುವಂತಿಲ್ಲ. ಹೊಗೆಸೊಪ್ಪಿನ ಹಣವನ್ನೆಲ್ಲ ತಂದು ಕಟ್ಟುವ ತಂದೆಗೆ ಈ ಒಂದು ಅಂಕಿ ತಿಳಿದಿದ್ದರೆ ಎಷ್ಟೋ ಮನೆಗಳು ಉಳಿದಾವು.

ಹೆಗ್ಗಡದೇವನಕೋಟೆಯಿಂದ ಬಾವಲಿಯ ಮೇಲೆ ಹಾದು ವಯನಾಡಿಗೆ ಇಳಿಯುವ ರಸ್ತೆಯೊಂದಿದೆ. ಅತ್ತಣಿಂದ ಮೈಸೂರಿಗೆ ನರ್ಸಿಂಗ್ ಓದಲು ಬರುವ ಹುಡುಗಿಗೆ ಸೀಟು ಸಿಗುವ ಮೊದಲೇ ಗೊತ್ತು: ಯಾವ ದೇಶಕ್ಕೆ ಯಾವ ಪರೀಕ್ಷೆ, ಯಾವ ಭಾಷೆ, ಎಷ್ಟು ವರ್ಷದ ಅನುಭವ ಎಂದು. ಅವಳ ಅತ್ತೆಯೋ ಅಕ್ಕನೋ ಆ ದಾರಿಯಲ್ಲಿ ಮೊದಲೇ ನಡೆದಿದ್ದಾರೆ. ಅವಳ ಸರ್ಕಾರ 1977ರಲ್ಲಿಯೇ ಹೊರದೇಶದ ಉದ್ಯೋಗಕ್ಕೆಂದು ಸಂಸ್ಥೆ ಕಟ್ಟಿತು. 2021ರಲ್ಲಿ ನೋರ್ಕಾ ಸಂಸ್ಥೆಯ ಮೂಲಕ ಜರ್ಮನಿಯೊಡನೆ ದಾದಿಯರ ನೇಮಕದ ಒಪ್ಪಂದವನ್ನೂ ಮಾಡಿಕೊಂಡಿತು. ಅದೇ ರಸ್ತೆಯ ಈಚೆ ಬದಿಯ ನಮ್ಮ ಹುಡುಗಿಗೆ ಈ ತಿಳಿವಳಿಕೆ ಬರುವುದು ಕೋರ್ಸು ಮುಗಿದ ಮೇಲೆ, ಅದೂ ಬಸ್ ನಿಲ್ದಾಣದ ಗೋಡೆಯ ಜಾಹೀರಾತಿನಿಂದ. ನಮ್ಮ ರಾಜ್ಯದ ಕೌಶಲ ಅಭಿವೃದ್ಧಿ ನಿಗಮವೂ ವಲಸೆ ಕೇಂದ್ರವೊಂದನ್ನು ನಡೆಸುತ್ತಿದೆ. ಅದರ ಹೆಸರು ತಾಲ್ಲೂಕಿನ ಮಟ್ಟದಲ್ಲಿ ಎಷ್ಟು ಜನಕ್ಕೆ ಗೊತ್ತು?

ಇವರೆಲ್ಲ ಹೊರಟುಹೋದರೆ ಇಲ್ಲಿಯ ರೋಗಿಗಳ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. 1906ರಲ್ಲಿ ಮೈಸೂರಿನ ಮಿಷನ್ ಆಸ್ಪತ್ರೆ ತೆರೆದಾಗ ಹೊರದೇಶದಿಂದ ಹೆಂಗಸರು ಬಂದು ನಮ್ಮವರ ಶುಶ್ರೂಷೆ ಮಾಡಿದರು. 1984ರಲ್ಲಿ ಮೈಸೂರಿನ ಕೆಲವು ವೈದ್ಯಕೀಯ ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಜೇನುಕುರುಬರ ಹಾಡಿಗಳ ಬಳಿ ವೈದ್ಯಸೇವೆಗೆ ನಿಂತರು. ಅಂಥ ಕಡೆಗಳಲ್ಲಿ ಹಾಡಿಯ ಮಾತು ಬಲ್ಲ ದಾದಿಗೆ ಸಾಟಿಯಾದವರು ಯಾರು? ಆದರೆ ಗುತ್ತಿಗೆಯ ಅಲ್ಪ ಸಂಬಳದಲ್ಲಿ ವರ್ಷ ವರ್ಷವೂ ನೇಮಕದ ಪತ್ರಕ್ಕಾಗಿ ಕಾಯುವವಳಿಗೆ ದೇಶಸೇವೆಯ ಉಪದೇಶ ಮಾಡುವ ಹಕ್ಕು ನಮಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿದ ಸಂಹಿತೆಯೂ ದಾದಿಯ ಹೋಗುವ ಹಕ್ಕನ್ನು ಮನ್ನಿಸಿ, ಕರೆದುಕೊಳ್ಳುವ ದೇಶಕ್ಕೂ ಕಳುಹಿಸುವ ದೇಶಕ್ಕೂ ಹೊಣೆ ಹೊರಿಸುತ್ತದೆ. ಹೋಗುವ ಸ್ವಾತಂತ್ರ್ಯದಷ್ಟೇ ಮುಖ್ಯವಾದದ್ದು ಮರಳುವ ಸ್ವಾತಂತ್ರ್ಯ. ಹತ್ತು ವರ್ಷ ಲಂಡನ್ನಿನ ತುರ್ತು ವಿಭಾಗದಲ್ಲಿ ದುಡಿದವಳು ಕೃಷ್ಣರಾಜನಗರಕ್ಕೆ ಹಿಂದಿರುಗಿದರೆ ವಯೋಮಿತಿ ಮೀರಿತೆಂದು ಸರ್ಕಾರಿ ಹುದ್ದೆಯ ಬಾಗಿಲು ಮುಚ್ಚುತ್ತದೆ. ಅವಳ ಅನುಭವವನ್ನು ಅಳೆಯುವ ಕೋಲು ನಮ್ಮಲ್ಲಿಲ್ಲ. ಪರದೇಶದವರು ನಮ್ಮ ವಿದ್ಯೆಗೆ ಬೆಲೆ ಕಟ್ಟುವುದಿಲ್ಲವೆಂದು ದೂರುವ ನಾವು, ಅವರ ಅನುಭವಕ್ಕೆ ಎಷ್ಟು ಬೆಲೆ ಕಟ್ಟಿದ್ದೇವೆ?

ಮಾಡಬೇಕಾದದ್ದು ಅಸಾಧ್ಯವಾದುದಲ್ಲ. ಪ್ರತಿ ವಿದ್ಯಾರ್ಥಿನಿಯ ವಾರ್ಡು ಗಂಟೆಗಳ ದಾಖಲೆ ಕಾಲೇಜಿನ ಕಪಾಟಿನಲ್ಲಷ್ಟೇ ಉಳಿಯದೆ ವಿಶ್ವವಿದ್ಯಾನಿಲಯದಲ್ಲಿಯೂ ಶಾಶ್ವತವಾಗಿ ಉಳಿಯಲಿ. ಕೌನ್ಸಿಲಿಗೆ ಬಂದ ದೃಢೀಕರಣದ ಅರ್ಜಿ ಗೊತ್ತಾದ ದಿನಗಳೊಳಗೆ ವಿಲೇವಾರಿಯಾಗಲಿ. ದೇಶ ದೇಶದ ನಿಯಮಗಳೂ ಏಜೆಂಟರ ಶುಲ್ಕದ ಮಿತಿಯೂ ಅಚ್ಚ ಕನ್ನಡದಲ್ಲಿ ಮುದ್ರಿತವಾಗಿ ಪಿ.ಯು. ಕಾಲೇಜಿನ ಗೋಡೆಗೆ ಬರಲಿ. ನರ್ಸಿಂಗ್ ಸೇರುವ ನಿರ್ಧಾರವಾಗುವುದು ಅಲ್ಲಿಯೇ. ಭಾಷಾ ಉಪಾಧ್ಯಾಯರಾದ ನಾವು ಗೈಡನ್ನು ಮುಚ್ಚಿ, ನಿಜವಾದ ಒಂದು ಸಂಗತಿಯನ್ನು ನಿಜವಾದ ಒಬ್ಬ ಓದುಗನಿಗೆ ಇನ್ನೂರು ಶಬ್ದಗಳಲ್ಲಿ ತಿಳಿಸುವುದನ್ನು ಅಭ್ಯಾಸ ಮಾಡಿಸೋಣ. ಹರಾಜಿಗೆ ಹೊರಡುವ ಮುನ್ನ ಎಲೆಯನ್ನು ಆರಿಸಿ, ಬಣ್ಣ ನೋಡಿ, ಬೇರೆ ಬೇರೆ ಕಟ್ಟುವ ಎಚ್ಚರ ನಮ್ಮ ರೈತನಿಗೆ ಇದೆ. ಮಗಳ ನಾಲ್ಕು ವರ್ಷದ ವಿದ್ಯೆಯ ವಿಷಯದಲ್ಲಿ ಅಷ್ಟು ಎಚ್ಚರ ಅವನೊಬ್ಬನಿಂದಾಗದು. ಅದು ಶಾಲೆ, ಕಾಲೇಜು, ಕೌನ್ಸಿಲ್, ಸರ್ಕಾರ ಸೇರಿ ಹೊರಬೇಕಾದ ಹೊಣೆ.